ಎರಡು ತಂದಿದ್ದೆವು, ಈಗ 13 ಗಿನಿಪಿಗ್‌ಗಳಿವೆ. ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಾವು ಮೈಸೂರಿನವರು. ಒಂದೂವರೆ ವರ್ಷದ ಹಿಂದೆ ದಸರಾ ರಜೆಯಲ್ಲಿ ಮಕ್ಕಳ ಹಟಕ್ಕೆ ಎರಡು ಗಿನಿಪಿಗ್ ತಂದೆವು. ಎರಡೂ ಹೆಣ್ಣು ಎಂದು ಅಂಗಡಿಯವರು ಹೇಳಿದ್ದರು. ಈಗ 13 ಆಗಿವೆ. ನಮ್ಮ ಲೆಕ್ಕದಲ್ಲಿ 8 ಹೆಣ್ಣು, 5 ಗಂಡು. ತಾರಸಿಯಲ್ಲಿ ಶೀಟಿನ ಕೆಳಗೆ ಒಂದೇ ದೊಡ್ಡ ಗೂಡಿನಲ್ಲಿ ಇಟ್ಟಿದ್ದೇವೆ. ಗಂಡುಗಳು ಕಚ್ಚಾಡುತ್ತವೆ. ವಾಸನೆ ಎಂದು ಅತ್ತೆಯವರು ಬೇಸರ ಮಾಡಿಕೊಳ್ಳುತ್ತಾರೆ. ಮಕ್ಕಳಿಗೆ ಒಂದನ್ನೂ ಕೊಡಲು ಮನಸ್ಸಿಲ್ಲ. ಇಷ್ಟನ್ನೂ ಸಾಕಬಹುದಾ, ಕೊಟ್ಟುಬಿಡಬೇಕಾ? ಇನ್ನೊಂದು ವಿಷಯ. ಮೊದಲು ತಂದ ಕಂದು ಬಣ್ಣದ ಹೆಣ್ಣು ನಾಲ್ಕೈದು ದಿನದಿಂದ ಮೂಲೆ ಹಿಡಿದು ಕೂತಿರುತ್ತದೆ. ವಯಸ್ಸಾಯಿತೇನೋ ಅನಿಸುತ್ತದೆ.

ಉತ್ತರ: ಕೊನೆಗೆ ಬರೆದಿದ್ದೀರಲ್ಲ, ಆ ಕಂದು ಹೆಣ್ಣಿನ ಮಾತು ಮೊದಲು. ಒಂದೂವರೆ ವರ್ಷಕ್ಕೆಲ್ಲ ಗಿನಿಪಿಗ್‌ಗೆ ವಯಸ್ಸಾಗುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಅವು 5ರಿಂದ 8 ವರ್ಷ ಬದುಕುತ್ತವೆ. ಅದು ಮೂಲೆ ಹಿಡಿದಿದೆ ಅಂದರೆ ಏನೋ ತೊಂದರೆ ಇದೆ. ನಾಳೆ ಬೆಳಿಗ್ಗೆಯೇ ಪಶುವೈದ್ಯರಿಗೆ ತೋರಿಸಿ. ಏನಾಗಿರಬಹುದು, ಹೇಗೆ ಕರೆದುಕೊಂಡು ಹೋಗಬೇಕು ಎಂದು ಕೊನೆಯಲ್ಲಿ ಬರೆದಿದ್ದೇನೆ. ಬೇಕಿದ್ದರೆ ಅದನ್ನೇ ಮೊದಲು ಓದಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆ. 13 ಗಿನಿಪಿಗ್‌ಗಳನ್ನು ಒಂದು ಮನೆಯಲ್ಲಿ ಖಂಡಿತ ಸಾಕಬಹುದು. ಅವು ಹಿಂಡಿನಲ್ಲಿ ಬದುಕುವ ಪ್ರಾಣಿಗಳು. ಅವುಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಸೀಮೆ. ಪೆರು, ಬೊಲಿವಿಯಾ, ಈಕ್ವೆಡಾರ್ ಕಡೆ ಸಾವಿರಾರು ವರ್ಷಗಳಿಂದ ಜನ ಇವನ್ನು ಸಾಕುತ್ತಿದ್ದಾರೆ. ಅಲ್ಲಿ ಸಾಕುವುದು ಮಾಂಸಕ್ಕೆ, ಆದರೆ ಹಳ್ಳಿಮನೆಗಳಲ್ಲಿ ಅಡುಗೆಮನೆಯ ನೆಲದ ಮೇಲೇ ಹಿಂಡು ಓಡಾಡಿಕೊಂಡಿರುತ್ತದೆ. ಅಲ್ಲಿನವರು ಇವನ್ನು ‘ಕುಯ್’ ಎನ್ನುತ್ತಾರೆ. ನೀವು ಸೊಪ್ಪಿನ ಕವರ್ ಬಿಚ್ಚಿದ ತಕ್ಷಣ ಗೂಡಿನಿಂದ ಕೇಳುವ ಕೂಗೂ ಹಾಗೇ ಇರುತ್ತದೆ, ಅಲ್ವಾ? ಸ್ವಿಟ್ಜರ್ಲೆಂಡಿನಲ್ಲಂತೂ 2008ರಿಂದ ಗಿನಿಪಿಗ್ ಅನ್ನು ಒಂಟಿಯಾಗಿ ಸಾಕುವಂತೆಯೇ ಇಲ್ಲ, ಜೊತೆ ಇರಲೇಬೇಕು ಎಂದು ನಿಯಮವಿದೆ.

ಹಾಗಾಗಿ 13 ಎಂಬ ಸಂಖ್ಯೆಗೆ ನಾನು ಹೆದರುವುದಿಲ್ಲ. ನನಗೆ ಹೆದರಿಕೆ ಇರುವುದು ಎರಡಕ್ಕೆ. ಒಂದು, ಇದು 13ಕ್ಕೆ ನಿಲ್ಲುವುದಿಲ್ಲ. ಇನ್ನೊಂದು, ಗುಂಪು ದೊಡ್ಡದಾದಷ್ಟೂ ಅದರಲ್ಲಿ ಒಂದಕ್ಕೆ ಹುಷಾರಿಲ್ಲ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ.

ಇವತ್ತು ರಾತ್ರಿ ಮಲಗುವ ಮೊದಲೇ ಗಂಡು ಹೆಣ್ಣುಗಳನ್ನು ಬೇರೆ ಮಾಡಿ. ಗೂಡು, ಊಟ, ವಾಸನೆ ಎಲ್ಲ ಆಮೇಲೆ. ಸದ್ಯಕ್ಕೆ ಒಂದು ದೊಡ್ಡ ರಟ್ಟಿನ ಡಬ್ಬವಾದರೂ ಸಾಕು. ಈ ಅವಸರ ಯಾಕೆ ಅಂದರೆ, ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ. ಗಂಡು ಪಕ್ಕದಲ್ಲೇ ಇದ್ದರೆ ಅದೇ ದಿನ ಮತ್ತೆ ಗಬ್ಬ ನಿಲ್ಲುತ್ತದೆ. ಒಂದು ಕಡೆ ಹಾಲು ಕುಡಿಸುತ್ತಾ, ಇನ್ನೊಂದು ಕಡೆ ಹೊಟ್ಟೆಯಲ್ಲಿ ಮುಂದಿನ ಮರಿಗಳನ್ನು ಹೊತ್ತು ಅದರ ಮೈ ಸೋತುಹೋಗುತ್ತದೆ. ಹೆಣ್ಣು ಮರಿಗಳು ಹುಟ್ಟಿದ ನಾಲ್ಕೈದು ವಾರಕ್ಕೇ ಗಬ್ಬ ನಿಲ್ಲಬಹುದು. ಗಂಡು ಮರಿಗಳೂ ಅಷ್ಟೇ ಬೇಗ ಗಬ್ಬ ಕಟ್ಟಿಸಬಲ್ಲವು. ಅದಕ್ಕೇ ಮೂರು ವಾರ ತುಂಬಿದ ಗಂಡು ಮರಿಯನ್ನು ತಾಯಿಯಿಂದ ತೆಗೆದು ಗಂಡುಗಳ ಜೊತೆ ಬಿಡಬೇಕು.

ಗಂಡು ಯಾವುದು, ಹೆಣ್ಣು ಯಾವುದು ಎಂದು ಇನ್ನೊಮ್ಮೆ ನೋಡಿ. ಅಂಗಡಿಯವರು ತಪ್ಪಿದ್ದು ಇಲ್ಲೇ. ಒಬ್ಬರು ಎದೆ ಮತ್ತು ಹಿಂಭಾಗಕ್ಕೆ ಕೈ ಕೊಟ್ಟು, ಬೆನ್ನು ತಮ್ಮ ಎದೆಗೆ ಒರಗುವಂತೆ ಹಿಡಿದುಕೊಳ್ಳಲಿ. ಇನ್ನೊಬ್ಬರು ಕೆಳಗಿನ ಕೂದಲನ್ನು ಮೆಲ್ಲಗೆ ಬಿಡಿಸಿ ನೋಡಿ. ಹೆಣ್ಣಿನಲ್ಲಿ ಇಂಗ್ಲಿಷಿನ ವೈ ಅಕ್ಷರದಂಥ ಗೆರೆ ಕಾಣುತ್ತದೆ. ಗಂಡಿನಲ್ಲಿ ಚಿಕ್ಕ ಗುಂಡನೆಯ ಉಬ್ಬು ಇರುತ್ತದೆ. ಅದರ ಸ್ವಲ್ಪ ಮೇಲೆ ಬೆರಳಿಟ್ಟು ಹಗುರವಾಗಿ ಒತ್ತಿದರೆ ಒಳಗೆ ಕಡ್ಡಿಯಂತೆ ಏನೋ ಸಿಗುತ್ತದೆ. ಮರಿಗಳಲ್ಲಿ ಗುರುತು ಸಿಗುವುದು ಕಷ್ಟ. ಅನುಮಾನ ಬಂದರೆ ವೈದ್ಯರಿಂದಲೇ ಖಚಿತ ಮಾಡಿಕೊಳ್ಳಿ.

ಇಂದು ಬೇರೆ ಮಾಡಿದರೂ ಮುಂದಿನ ಎರಡೂವರೆ ತಿಂಗಳು ಮರಿಗಳು ಬರುತ್ತಲೇ ಇರಬಹುದು. ಇವುಗಳ ಗಬ್ಬದ ಅವಧಿ 59ರಿಂದ 72 ದಿನ. ಇಲಿ, ಮೊಲದ ಮರಿಗಳಂತೆ ಇವು ಕಣ್ಣು ಮುಚ್ಚಿಕೊಂಡು ಹುಟ್ಟುವುದಿಲ್ಲ. ಮೈ ತುಂಬ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು. ಹುಟ್ಟಿದ ದಿನವೇ ತಾಯಿಯ ಪಕ್ಕ ಕೂತು ಹುಲ್ಲು ಕಚ್ಚಿ ನೋಡುತ್ತವೆ. ನಿಮ್ಮ ಮಕ್ಕಳು ಅದನ್ನು ನೋಡಿ ಮರುಳಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೆರಿಗೆ ಪ್ರತಿ ಸಲವೂ ಸುಲಭವಲ್ಲ. ಏಳೆಂಟು ತಿಂಗಳಾದ ಮೇಲೆ ಮೊದಲ ಸಲ ಗಬ್ಬ ನಿಂತ ಹೆಣ್ಣಿಗೆ ಸೊಂಟದ ಮೂಳೆಯ ಸಂದು ಬೇಕಾದಷ್ಟು ಬಿಚ್ಚಿಕೊಳ್ಳದೆ ಮರಿ ಸಿಕ್ಕಿಕೊಳ್ಳಬಹುದು. ಅರ್ಧ ಗಂಟೆ ತಿಣುಕಿದರೂ ಮರಿ ಬರದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

5 ಗಂಡುಗಳನ್ನು ಏನು ಮಾಡುವುದು? ಐದನ್ನೂ ಒಟ್ಟಿಗೆ ಬಿಟ್ಟರೆ ನಡೆಯುವುದಿಲ್ಲ. ಎರಡೆರಡು ಗಂಡು ಜೋಡಿಯಾಗಿ ಹೊಂದಿಕೊಳ್ಳುತ್ತವೆ, ಅದರಲ್ಲೂ ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ಚೆನ್ನ. ಮೂರಾದರೆ ಒಂದು ಹೊರಗುಳಿದು ಏಟು ತಿನ್ನುತ್ತದೆ. ಅವುಗಳ ಗೂಡು ಹೆಣ್ಣುಗಳಿಂದ ದೂರ ಇರಬೇಕು. ವಾಸನೆ ಬಡಿದರೂ ಸಾಕು, ಅಣ್ಣ ತಮ್ಮ ಎನ್ನದೆ ಜಗಳಕ್ಕೆ ನಿಲ್ಲುತ್ತವೆ. ಎಲ್ಲ ಗಲಾಟೆಯೂ ಜಗಳ ಅಲ್ಲ, ಅದನ್ನೂ ತಿಳಿದಿರಿ. ಗುರ್‌ರ್ ಎಂದು ಮೈ ನಡುಗಿಸುತ್ತಾ ಸೊಂಟ ಕುಣಿಸಿ ನಡೆದರೆ ಅದು ಬರೀ ಜಂಬ. ಹಲ್ಲು ಕಟಕಟ ಕಡಿದರೆ ಎಚ್ಚರಿಕೆ. ಎರಡೂ ಎದುರುಬದುರು ಬಾಯಿ ತೆರೆದು ಮೇಲೆ ಹಾರಿದರೆ, ರಕ್ತ ಬಂದರೆ, ಆ ಜೋಡಿ ಮುಗಿಯಿತು ಅಂತಲೇ ತಿಳಿಯಿರಿ. ಬಿಡಿಸಲು ಬರಿಗೈ ಹಾಕಬೇಡಿ, ಮಧ್ಯೆ ಒಂದು ದಪ್ಪ ಟವೆಲ್ ಎಸೆಯಿರಿ.

ನನ್ನ ಸಲಹೆ ಹೀಗೆ. ಎರಡು ಜೋಡಿ ಮಾಡಿ. ಐದನೆಯದಕ್ಕೆ ಬೀಜ ತೆಗೆಸಿ, ಹೆಣ್ಣುಗಳ ಗುಂಪಿಗೆ ಬಿಡಿ. ಅಂಥ ಒಂದು ಗಂಡು ಇದ್ದರೆ ಹೆಣ್ಣುಗಳ ಕಿತ್ತಾಟವೂ ಕಡಿಮೆಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಪರೇಷನ್ ಆದ ಮೇಲೂ ಆರು ವಾರ ಕಾಯಬೇಕು, ಅಲ್ಲಿಯವರೆಗೆ ಅದರಿಂದ ಗಬ್ಬ ನಿಲ್ಲಬಹುದು. ಅಷ್ಟು ದಿನ ಹೆಣ್ಣುಗಳ ಪಕ್ಕದಲ್ಲೇ ಜಾಲರಿಯ ಆಚೆ ಇಡಿ, ಒಂಟಿತನ ಕಾಡುವುದಿಲ್ಲ. ಒಂದು ಮುಖ್ಯ ಮಾತು. ಆಪರೇಷನ್ ಹಿಂದಿನ ರಾತ್ರಿ ಉಪವಾಸ ಕೆಡವಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ನಾಯಿ ಬೆಕ್ಕುಗಳ ಲೆಕ್ಕ. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ, ಮತ್ತು ಅದರ ಹೊಟ್ಟೆ ರಾತ್ರಿಯಿಡೀ ಖಾಲಿ ಬಿದ್ದರೆ ಕರುಳಿನ ಓಟವೇ ನಿಂತುಹೋಗುತ್ತದೆ. ಗಿನಿಪಿಗ್, ಮೊಲಗಳ ಆಪರೇಷನ್ ಮಾಡಿ ಅನುಭವ ಇರುವವರನ್ನೇ ಹುಡುಕಿ.

ತಾರಸಿಯಿಂದ ಅವನ್ನು ಕೆಳಗಿಳಿಸಿ. ಬೇಸಿಗೆ ಬಲಿಯುವವರೆಗೂ ಕಾಯಬೇಡಿ. ಇವಕ್ಕೆ ಬೆವರು ಬರುವುದಿಲ್ಲ. 18ರಿಂದ 24 ಡಿಗ್ರಿ ಅವಕ್ಕೆ ಹಿತ, 30 ದಾಟಿದರೆ ಜೀವಕ್ಕೇ ಅಪಾಯ. ಮೈಸೂರಿನಲ್ಲೂ ಏಪ್ರಿಲ್‌ನಲ್ಲಿ 35 ದಾಟುವ ದಿನಗಳಿವೆ, ಕಾದ ಶೀಟಿನ ಕೆಳಗೆ ಅದಕ್ಕಿಂತ ಜಾಸ್ತಿ. ಸೆಕೆಗೆ ಬಿದ್ದ ಗಿನಿಪಿಗ್ ಕಾಲು ಚಾಚಿ ಚಪ್ಪಟೆಯಾಗಿ ಮಲಗುತ್ತದೆ, ಜೊಲ್ಲು ಸುರಿಸುತ್ತದೆ, ಬೇಗ ಬೇಗ ಉಸಿರಾಡುತ್ತದೆ. ಆಗ ಕಿವಿ, ಪಾದಗಳಿಗೆ ತಣ್ಣೀರು ಹಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಐಸ್ ನೀರು ಬೇಡ. ಮನೆಯೊಳಗೂ ಸೆಕೆ ಇದ್ದರೆ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ, ಹೊರಗಡೆ ಒದ್ದೆ ಮಾಡಿ ಗೂಡಿನಲ್ಲಿ ಇಡಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ, ಒಳಗೆ ಒಂದು ಮೂತಿ ಇದ್ದೇ ಇರುತ್ತದೆ. ತಾರಸಿಯಲ್ಲಿ ಬೆಕ್ಕು, ಇಲಿ, ಕೋತಿಗಳ ಕಾಟವೂ ಇರುತ್ತದಲ್ಲ.

ಜಾಗದ ಲೆಕ್ಕ ಹೇಳುತ್ತೇನೆ. ಎರಡಕ್ಕೆ ಏಳೂವರೆ ಚದರ ಅಡಿ ಬೇಕೇ ಬೇಕು, ಆಮೇಲೆ ಪ್ರತಿಯೊಂದಕ್ಕೆ ಕನಿಷ್ಠ ಇನ್ನೆರಡು ಚದರ ಅಡಿ. ನಿಮ್ಮ 8 ಹೆಣ್ಣು, ಒಂದು ಗಂಡಿಗೆ 8 ಅಡಿ ಉದ್ದ 4 ಅಡಿ ಅಗಲ ಇದ್ದರೆ ಆರಾಮ. ಗಂಡು ಜೋಡಿಗಳಿಗೆ ತಲಾ 4 ಅಡಿಗೆ ಎರಡೂವರೆ ಅಡಿ. ಇವು ಜಾಸ್ತಿ ನೆಗೆಯುವುದಿಲ್ಲ, ಒಂದೂವರೆ ಅಡಿ ಎತ್ತರದ ತಡೆ ಸಾಕು. ಮನೆಯಲ್ಲಿ ಬೆಕ್ಕಿದ್ದರೆ ಮುಚ್ಚಳ ಬೇಕು. ಎರಡು ಅಂತಸ್ತಿನ ಗೂಡಿನ ಮಹಡಿಯನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅವಕ್ಕೆ ಬೇಕಾಗಿರುವುದು ಓಡುವ ನೆಲ. ಜಾಲರಿಯ ತಳವಂತೂ ಬೇಡವೇ ಬೇಡ, ಪಾದ ಬಿರಿದು ಹುಣ್ಣಾಗುತ್ತದೆ. ಅಡಗುವ ಗೂಡುಗಳು ಪ್ರಾಣಿಗಳ ಸಂಖ್ಯೆಗಿಂತ ಒಂದು ಜಾಸ್ತಿ ಇರಲಿ, ಪ್ರತಿಯೊಂದಕ್ಕೂ ಎರಡು ಬಾಗಿಲು ಕತ್ತರಿಸಿ. ಒಂದೇ ಬಾಗಿಲಿದ್ದರೆ ಜೋರಿನದು ಬಾಗಿಲಲ್ಲಿ ಕೂತು ಮೆತ್ತಗಿನದನ್ನು ಹೊರಗೆ ಬಿಡುವುದಿಲ್ಲ. ಹುಲ್ಲು, ನೀರು ಕೂಡ ಮೂರು ನಾಲ್ಕು ಕಡೆ ಇರಬೇಕು.

ವಾಸನೆಯ ವಿಷಯದಲ್ಲಿ ನಿಮ್ಮ ಅತ್ತೆಯವರು ಹೇಳುವುದು ಸರಿ. ನಮಗೆ ನಿಂತಲ್ಲಿಗೇ ಉಚ್ಚೆಯ ಘಾಟು ಬಡಿದರೆ, ನೆಲಕ್ಕೆ ಮೂಗು ಹಚ್ಚಿಕೊಂಡು ಇರುವ ಅವುಗಳ ಗತಿ ಏನು? ಆ ಘಾಟಿನಿಂದಲೇ ಎದೆಯ ಕಾಯಿಲೆಗೆ ದಾರಿಯಾಗುತ್ತದೆ. ಮರದ ಹೊಟ್ಟಿನ ಪುಡಿಯನ್ನೂ ತೆಗೆದುಹಾಕಿ, ಅದರ ಧೂಳು ಇನ್ನೂ ಕೆಟ್ಟದ್ದು. ಕೆಳಗೆ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ನಾಲ್ಕಾರು ಪದರ ನ್ಯೂಸ್‌ಪೇಪರ್, ಮೇಲೆ ಎಸಿ ಬ್ಲಾಂಕೆಟ್ ಎಂದು ಮಾರುತ್ತಾರಲ್ಲ, ಆ ಫ್ಲೀಸ್ ಹೊದಿಕೆ. ಹೊಸದನ್ನು ಎರಡು ಮೂರು ಸಲ ಒಗೆದ ಮೇಲೆ ಹಾಸಿ, ಆಗ ಉಚ್ಚೆ ಮೇಲೆ ನಿಲ್ಲದೆ ಕೆಳಗಿಳಿಯುತ್ತದೆ. ಇವು ತಿನ್ನುವ ಜಾಗದಲ್ಲೇ ಜಾಸ್ತಿ ಹೊಲಸು ಮಾಡುತ್ತವೆ. ಅದಕ್ಕೆ ಹುಲ್ಲನ್ನು ಅಗಲವಾದ ಟ್ರೇಗಳಲ್ಲಿ ಇಡಿ. ದಿನಾ ಟ್ರೇ ಬದಲಿಸಿ, ಹಿಕ್ಕೆ ಗುಡಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಹೊದಿಕೆ ಮೂರು ನಾಲ್ಕು ದಿನಕ್ಕೊಮ್ಮೆ ಒಗೆಯಿರಿ. ಟ್ರೇಯಲ್ಲಿ ಬಿಳಿ ಕರೆ ಕಟ್ಟಿದರೆ ವಿನಿಗರ್ ಹಾಕಿ ಉಜ್ಜಿ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಹತ್ತಿರ ಬರುವ ಕಾಯಿಲೆಗಳಲ್ಲಿ ಎಷ್ಟೋ ಊಟದಿಂದಲೇ ಬಂದವು. ಇವುಗಳ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಅವು ಸವೆಯುವುದು ಒಣಹುಲ್ಲನ್ನು ಗಂಟೆಗಟ್ಟಲೆ ಅಗಿದಾಗ ಮಾತ್ರ. ಆದ್ದರಿಂದ ಹೊಟ್ಟೆಗೆ ಹೋಗುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲೇ ಆಗಿರಬೇಕು, ಹಗಲೂ ರಾತ್ರಿ ಮುಂದೆ ಇರಬೇಕು. ಹೊರದೇಶದ ತಿಮೋತಿ ಹುಲ್ಲು 13ಕ್ಕೆ ತರಿಸುವುದು ದುಬಾರಿ. ಗರಿಕೆ ಹುಲ್ಲು ಬಹಳ ಒಳ್ಳೆಯದು, ಹಸಿಯದೂ ಆಗುತ್ತದೆ, ನೆರಳಲ್ಲಿ ಒಣಗಿಸಿದ್ದೂ ಆಗುತ್ತದೆ. ಔಷಧಿ ಹೊಡೆಯದ, ನಾಯಿ ಓಡಾಡದ ಜಾಗದ್ದನ್ನು ತಂದು ತೊಳೆದು ಕೊಡಿ. ಓಟ್ಸ್ ಹುಲ್ಲು ಸಿಕ್ಕರೆ ಅದನ್ನೂ ಸೇರಿಸಿ. ಭತ್ತದ ಹುಲ್ಲಿನಲ್ಲಿ ಸತ್ವವಿಲ್ಲ, ಹಾಸಲು ಸರಿ. ಕುದುರೆ ಮಸಾಲೆ ಸೊಪ್ಪನ್ನು ಮರಿಗಳಿಗೆ, ಗಬ್ಬದ ಹೆಣ್ಣಿಗೆ ಕೊಡಬಹುದು. ಬೆಳೆದವಕ್ಕೆ ದಿನಾ ಕೊಟ್ಟರೆ ಅದರ ಕ್ಯಾಲ್ಸಿಯಂನಿಂದ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ.

ಇನ್ನೊಂದು ವಿಚಾರ ವಿಟಮಿನ್ ಸಿ. ನಮ್ಮ ಹಾಗೇ ಗಿನಿಪಿಗ್‌ನ ಮೈಯಲ್ಲೂ ಅದು ತಯಾರಾಗುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಿಗೆ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗವೇ ಬಂದದ್ದನ್ನು ತೋರಿಸಿದರು. ವಿಟಮಿನ್ ಸಿ ಪತ್ತೆಯಾಗಲು ಅದು ದಾರಿಯಾಯಿತು. ಇವತ್ತಿಗೂ ನನ್ನ ಟೇಬಲ್ ಮೇಲೆ ಸ್ಕರ್ವಿ ಬಂದ ಗಿನಿಪಿಗ್‌ಗಳು ಬರುತ್ತವೆ. ಎತ್ತಿದರೆ ಚೀರುತ್ತವೆ, ಹಿಂಗಾಲು ಎಳೆಯುತ್ತವೆ, ಕೂದಲು ಒರಟಾಗಿರುತ್ತದೆ. ಏನು ಕೊಡುತ್ತಿದ್ದೀರಿ ಎಂದು ಕೇಳಿದರೆ ಬರೀ ಸೌತೆಕಾಯಿ, ಕ್ಯಾರೆಟ್ ಅನ್ನುತ್ತಾರೆ. ಒಂದು ಗಿನಿಪಿಗ್‌ಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 10ರಿಂದ 30 ಮಿಲಿಗ್ರಾಂ ಬೇಕು, ಗಬ್ಬದ ಹೆಣ್ಣಿಗೆ ಇನ್ನೂ ಜಾಸ್ತಿ. ಒಂದೊಂದಕ್ಕೆ ದಪ್ಪ ಮೆಣಸಿನಕಾಯಿಯ ಕಾಲು ಭಾಗ, ಜೊತೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಕೊಟ್ಟರೆ ಸಾಕಾಗುತ್ತದೆ. ನೆಲ್ಲಿಕಾಯಿಯ ಚಿಕ್ಕ ಚೂರು, ಸೀಬೆಹಣ್ಣಿನ ತುಂಡು, ವಾರಕ್ಕೆ ಎರಡು ಸಲ ನಾಲ್ಕು ಎಸಳು ನುಗ್ಗೆಸೊಪ್ಪು ಕೂಡ ಒಳ್ಳೆಯದು. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕಿ ಸುಮ್ನೆ ದುಡ್ಡು ಕಳೆಯಬೇಡಿ, ನೀರಿನಲ್ಲಿ ಅದು ಬೇಗ ಕೆಡುತ್ತದೆ. ಅನ್ನ, ಚಪಾತಿ, ಬಿಸ್ಕತ್ತು, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು ಯಾವುದೂ ಬೇಡ. ಪಾಲಕ್ ಅಪರೂಪಕ್ಕೆ ಸಾಕು.

ಗುಂಪಿನಲ್ಲಿ ಒಂದು ಪ್ರಾಣಿ ಕಣ್ಣು ತಪ್ಪಿಸಿಕೊಳ್ಳುತ್ತದೆ ಅಂದೆನಲ್ಲ, ಅದನ್ನು ನಾನು ನನ್ನ ಮನೆಯಲ್ಲೇ ಕಲಿತೆ. ಆಗ ನಮ್ಮಲ್ಲಿ 9 ಇದ್ದವು. ಅದರಲ್ಲಿ ಒಂದು ಬೂದು ಹೆಣ್ಣು. ದಿನಾ ಸಂಜೆ ಸೊಪ್ಪು ಹಾಕಿದಾಗ ಎಲ್ಲಕ್ಕಿಂತ ಮೊದಲು ಓಡಿ ಬರುತ್ತಿತ್ತು. ಬಂತು, ತಿಂತು ಎಂದು ನಾನು ನೆಮ್ಮದಿಯಾಗಿದ್ದೆ. ಒಂದು ದಿನ ಪಕ್ಕದಲ್ಲೇ ಕೂತು ನೋಡಿದೆ. ಕೊತ್ತಂಬರಿ ದಂಟನ್ನು ಬಾಯಲ್ಲಿ ಕಚ್ಚಿಕೊಂಡಿತ್ತು. ದವಡೆ ಆಡುತ್ತಿರಲಿಲ್ಲ. ಪಕ್ಕದ್ದೊಂದು ಬಂದು ಆ ದಂಟನ್ನು ಎಳೆದುಕೊಂಡು ಹೋಯಿತು. ಇದು ಹಾಗೇ ಕೂತಿತ್ತು, ಗಲ್ಲದ ಕೆಳಗಿನ ಕೂದಲು ಒದ್ದೆಯಾಗಿತ್ತು. ತೂಕ ಹಾಕಿದರೆ 690 ಗ್ರಾಂ. ಮೊದಲು 940 ಇತ್ತು. ದವಡೆ ಹಲ್ಲು ಬೆಳೆದು ನಾಲಿಗೆಯ ಮೇಲೆ ಕಮಾನು ಕಟ್ಟಿದಂತಾಗಿತ್ತು. ಹಲ್ಲು ಸರಿ ಮಾಡಿದೆ, ಸಿರಿಂಜಿನಲ್ಲಿ ಊಟ ಕೊಟ್ಟೆ, ಆದರೂ ಉಳಿಯಲಿಲ್ಲ. ಹದಿನೈದು ದಿನ ಮೊದಲೇ ತೂಕ ಹಾಕಿದ್ದರೆ ಉಳಿಯುತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ತೂಕದ ಹೊತ್ತು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದರ ಮೇಲೆ ಒಂದು ಬುಟ್ಟಿ, ಪಕ್ಕದಲ್ಲಿ ನೋಟ್‌ಬುಕ್. ಒಂದೊಂದಕ್ಕೆ ಒಂದು ಪುಟ. ಹೆಸರು, ಬಣ್ಣ, ವಾರವಾರದ ತೂಕ. 50 ಗ್ರಾಂ ಇಳಿದರೆ ದಿನಾ ತೂಕ ಹಾಕಿ, 100 ಇಳಿದರೆ ವೈದ್ಯರಿಗೆ ತೋರಿಸಿ. ತೂಕ ಹಾಕುವಾಗಲೇ ಹಲ್ಲು, ಉಗುರು, ಪಾದ, ಹಿಂಭಾಗ ನೋಡಿಬಿಡಿ. ಈ ಕೆಲಸವನ್ನು ನಿಮ್ಮ ಮಕ್ಕಳಿಗೆ ಒಪ್ಪಿಸಿ. ನೆಲದ ಮೇಲೆ ಕೂತೇ ಎತ್ತಿಕೊಳ್ಳಬೇಕು ಎಂದು ಹೇಳಿಕೊಡಿ, ನಿಂತ ಮಗುವಿನ ಕೈಯಿಂದ ಬಿದ್ದರೆ ಬೆನ್ನುಮೂಳೆ ಮುರಿಯುತ್ತದೆ. ಮಕ್ಕಳೇ ಬರೆದ ನೋಟ್‌ಬುಕ್ ಹಿಡಿದು ಬಂದವರು ನನ್ನಲ್ಲಿ ಇದ್ದಾರೆ. ಆ ಪುಟಗಳಿಂದ ನನಗೆ ಎಷ್ಟು ಸಹಾಯವಾಗಿದೆ ಎಂದು ಹೇಳತೀರದು.

ಕೊಟ್ಟುಬಿಡಬೇಕಾ ಎಂದು ಕೇಳಿದ್ದೀರಿ. ದಿನಕ್ಕೆ ಒಂದು ಗಂಟೆ ಸಮಯ, ಒಂದು ರೂಮು, ತಿಂಗಳ ಸೊಪ್ಪಿನ ಖರ್ಚು, ಆಪರೇಷನ್‌ಗೆ, ಆಸ್ಪತ್ರೆಗೆ ತೆಗೆದಿಟ್ಟ ಹಣ ಇಷ್ಟಿದ್ದರೆ ಎಲ್ಲವನ್ನೂ ಇಟ್ಟುಕೊಳ್ಳಿ. ಮುಂದೆ ಬರುವ ಮರಿಗಳೂ ಸೇರಿ ಇದು ಹದಿನೆಂಟು ಇಪ್ಪತ್ತಾದರೆ ನಿಭಾಯಿಸುವಿರಾ, ಅದನ್ನು ಮನೆಯವರೆಲ್ಲ ಕೂತು ಮಾತಾಡಿ. ಕಷ್ಟ ಅನಿಸಿದರೆ ಕೊಡುವುದರಲ್ಲಿ ತಪ್ಪಿಲ್ಲ. ಜೋಡಿಯಾಗಿ ಕೊಡಿ, ಒಂದೇ ಜಾತಿಯದನ್ನು ಕೊಡಿ, ಗಂಡು ಗಂಡು ಇಲ್ಲವೇ ಹೆಣ್ಣು ಹೆಣ್ಣು. ಹೆಣ್ಣನ್ನು ಕೊಡುವುದಾದರೆ ಈ ಎರಡೂವರೆ ತಿಂಗಳು ಕಳೆಯಲಿ. ಅವರ ಮನೆಗೆ ಹೋಗಿ ಗೂಡು ನೋಡಿ ಬನ್ನಿ. ಅಂಗಡಿಗೆ ವಾಪಸ್ ಕೊಟ್ಟರೆ ಮತ್ತೆ ಇದೇ ಕಥೆ ಇನ್ನೊಂದು ಮನೆಯಲ್ಲಿ ಶುರುವಾಗುತ್ತದೆ. ಪಾರ್ಕಿನಲ್ಲಿ ಬಿಟ್ಟರೆ ಒಂದು ರಾತ್ರಿ ಕೂಡ ಉಳಿಯುವುದಿಲ್ಲ.

ಇನ್ನು ಆ ಕಂದು ತಾಯಿ. ಗಂಡುಗಳ ಜೊತೆಯಲ್ಲೇ ಇದ್ದುದರಿಂದ ಮತ್ತೆ ಗಬ್ಬ ಇರಬಹುದು. ಗಬ್ಬದ ಕೊನೆಯ ದಿನಗಳಲ್ಲಿ ತಿನ್ನುವುದು ಬಿಟ್ಟರೆ ರಕ್ತದಲ್ಲಿ ವಿಷ ಏರಿ ಒಂದೆರಡು ದಿನದಲ್ಲೇ ಸಾಯುತ್ತವೆ. ಎರಡೂ ಪಕ್ಕೆಯ ಕೂದಲು ಒಂದೇ ಸಮನೆ ಉದುರಿದೆಯೇ ನೋಡಿ, ಅಂಡಾಶಯದ ಗುಳ್ಳೆಗಳಿಗೆ ಅದು ಗುರುತು. ಉಚ್ಚೆ ಹೊಯ್ಯುವಾಗ ಕೀಚಲು ದನಿ, ರಕ್ತ ಕಂಡರೆ ಕಲ್ಲು. ಗಲ್ಲ ಒದ್ದೆ ಇದ್ದರೆ ಹಲ್ಲು. ಈಗಲೇ ಎತ್ತಿ ತೂಕ ಹಾಕಿ, ಬರೆದಿಟ್ಟುಕೊಳ್ಳಿ. ಬೇರೆ ಡಬ್ಬದಲ್ಲಿ ಒಂದು ರಾತ್ರಿ ಇಟ್ಟು ಹಿಕ್ಕೆ ಎಷ್ಟು ಬಿದ್ದಿದೆ ಎಂದು ಎಣಿಸಿ. ಗುಂಪಿನಲ್ಲಿ ಅದು ಗೊತ್ತಾಗುವುದಿಲ್ಲ. ಏನೂ ತಿನ್ನುತ್ತಿಲ್ಲ ಎಂದಾದರೆ ಗಿನಿಪಿಗ್ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಅನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಅರೆದು, ಸೂಜಿ ಇಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಚೂರು ಚೂರೇ ಕೊಡಿ. ಹೊಟ್ಟೆ ಡೋಲಿನಂತೆ ಉಬ್ಬಿದ್ದರೆ ಮಾತ್ರ ಏನೂ ಹಾಕಬೇಡಿ, ರಾತ್ರಿಯೇ ಹೊರಡಿ.

ಮೆಡಿಕಲ್ ಸ್ಟೋರಿನಿಂದ ಯಾವ ಔಷಧಿಯನ್ನೂ ತಂದು ಕುಡಿಸಬೇಡಿ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಗಿನಿಪಿಗ್‌ಗೆ ವಿಷ. ಪೆನಿಸಿಲಿನ್ ಜಾತಿಯ ಔಷಧಿ ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಕೆಟ್ಟವು ಹೆಚ್ಚಿ ಪ್ರಾಣವೇ ಹೋಗುತ್ತದೆ. ವೈದ್ಯರು ಬರೆದುಕೊಟ್ಟರೂ ಒಮ್ಮೆ ಕೇಳಿ, ಇದು ಗಿನಿಪಿಗ್‌ಗೆ ಆಗುತ್ತದಾ ಎಂದು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕರೆದೊಯ್ಯುವಾಗ ಒಂಟಿಯಾಗಿ ಒಯ್ಯಬೇಡಿ. ಅದರ ಹೆಣ್ಣು ಮರಿಗಳಲ್ಲಿ ಒಂದನ್ನು ಅದೇ ಬುಟ್ಟಿಯಲ್ಲಿ ಕೂರಿಸಿ. ಪಕ್ಕದಲ್ಲಿ ಪರಿಚಯದ ಮೈ ಇದ್ದರೆ ಅದಕ್ಕೆ ಧೈರ್ಯ ಇರುತ್ತದೆ, ವಾಪಸ್ ಬಂದ ಮೇಲೆ ಗುಂಪೂ ಬೇಗ ಸೇರಿಸಿಕೊಳ್ಳುತ್ತದೆ. ಬುಟ್ಟಿಯಲ್ಲಿ ಒಂದು ಹಿಡಿ ಗರಿಕೆ ಇರಲಿ. ಮೇಲೆ ತೆಳುವಾದ ಬಟ್ಟೆ ಮುಚ್ಚಿ, ಬಿಸಿಲು ಏರುವ ಮೊದಲೇ ಮನೆ ಬಿಡಿ.